ಅಪ್ಪಯ್ಯನ ಲಾರಿ ಪುಸ್ತಕ

ಕಳೆದ ಜೂನ್ ತಿಂಗಳಲ್ಲಿ ನಮ್ಮ ಶಾಲೆಯ ಗೇಟಿನ ಹತ್ತಿರದ ಮಾವಿನ ಮರದ ಕೊಂಬೆ ಕಡಿಯಲು ಒಂದು ಲಾರಿ ಬಂತು. ಕೊಂಬೆ ವಿದ್ಯುತ್ ತಂತಿಯ ಮೇಲೆ ಬಾಗಿತ್ತು. ಲಾರಿಯ ಬೆನ್ನ ಮೇಲೆ ಮಡಚಿದ ಕೈಯಂತಹ ಒಂದು ಕಬ್ಬಿಣದ ತೋಳು, ಅದರ ತುದಿಗೆ ಒಬ್ಬ ಆಳು ನಿಲ್ಲುವಷ್ಟು ತೊಟ್ಟಿ. ಅಪ್ಪಣೆ ಇಲ್ಲದೆಯೇ ಮಕ್ಕಳೆಲ್ಲ ಕಿಟಕಿಗೆ ಅಂಟಿಕೊಂಡರು. ಇನ್ನು ಪಾಠ ಹೇಳಿ ಪ್ರಯೋಜನವಿಲ್ಲವೆಂದು ನಾನೂ ಹೊರಗೆ ಬಂದೆ.

ಮಳೆ ಬಂದು ರಸ್ತೆಯ ಅಂಚು ಮೆತ್ತಗಾಗಿತ್ತು. ಲಾರಿ ಅಲುಗದಂತೆ ಪಕ್ಕದಲ್ಲಿ ಊರುವ ಕಬ್ಬಿಣದ ಕಾಲುಗಳನ್ನು ಆ ಮೆತ್ತನೆಯ ಮಣ್ಣಿಗೇ ಇಳಿಸುತ್ತಿದ್ದರು. ನೋಡುತ್ತ ಸುಮ್ಮನಿರಲಾಗಲಿಲ್ಲ. "ಅಡಿಗೆ ಹಲಗೆ ಕೊಡಪ್ಪ, ಕಾಲು ಹೂತುಹೋಗುತ್ತೆ. ಆ ರಬ್ಬರ್ ಪೈಪಿನ ಬುಡದಲ್ಲಿ ಎಣ್ಣೆ ಜಿನುಗುತ್ತಿದೆ, ನೋಡಿದ್ದೀಯಾ?" ಎಂದೆ. ತೊಟ್ಟಿಗೆ ಹತ್ತಲು ನಿಂತಿದ್ದ ಹುಡುಗ ನಕ್ಕ. "ಟೀಚರ್‌ಗೆ ಇದೆಲ್ಲ ಹೆಂಗೆ ಗೊತ್ತು?" ಎಂದ.

ನಾನು ಹುಟ್ಟಿದ್ದೇ ಲಾರಿ ಗ್ಯಾರೇಜಿನ ಹಿಂದಿನ ಮನೆಯಲ್ಲಿ. ಅಪ್ಪಯ್ಯ ತೀರ್ಥಹಳ್ಳಿಯಲ್ಲಿ ನಾಟಾ ಲಾರಿಗಳ ರಿಪೇರಿ ಮಾಡುತ್ತಿದ್ದರು. ಊರಿನವರ ಬಾಯಲ್ಲಿ ಅವರು 'ಮೇಸ್ತ್ರಿ'. ಅವರು ತೀರಿಕೊಂಡ ಮೇಲೆ ಅಣ್ಣಂದಿರು ಮನೆ, ಜಾಗ ಹಂಚಿಕೊಂಡರು. ನನ್ನ ಪಾಲಿಗೆ ಕಬ್ಬಿಣದ ಪೆಟ್ಟಿಗೆಯಲ್ಲಿದ್ದ ಏಳು ಉದ್ದನೆಯ ಲೆಕ್ಕದ ಪುಸ್ತಕಗಳು ಬಂದವು, ಬೇರೆ ಯಾರಿಗೂ ಬೇಡವಾಗಿದ್ದರಿಂದ. ಮೂವತ್ತು ವರ್ಷ ಸಮಾಜ ಪಾಠದಲ್ಲಿ ರಾಜರ ಶಾಸನ, ತಾಮ್ರಪಟ ಎಂದು ಹೇಳಿದವಳು ನಾನು. ನಮ್ಮ ಮನೆಯಲ್ಲೂ ಒಂದು ಶಾಸನ ಬಿದ್ದಿದೆ ಎಂಬುದು ಆ ಪೆಟ್ಟಿಗೆ ತೆರೆದ ಮೇಲೆ ಹೊಳೆಯಿತು.

ಮಲೆನಾಡಿನ ಮರ ಕಾಡಿನಿಂದ ಹೊರಬಂದ ಬಗೆ ನಮ್ಮ ಪಠ್ಯಪುಸ್ತಕದಲ್ಲಿಲ್ಲ. ಮೊದಲು ಆನೆ ಎಳೆಯಿತು, ಎತ್ತಿನ ಗಾಡಿ ಹೊತ್ತಿತು, ಹೊಳೆ ತೇಲಿಸಿತು. ಶಿವಮೊಗ್ಗದ ಹತ್ತಿರ ಸಕ್ರೆಬೈಲಿನಲ್ಲಿ ಇಂದು ಪ್ರವಾಸಿಗರು ನೋಡುವ ಆನೆಗಳ ಹಿರಿಯರು ದಿಮ್ಮಿ ಎಳೆದವರೇ. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಕಬ್ಬಿಣ ಕರಗಿಸಲು ಶುರುಮಾಡಿದಾಗ ಅದಕ್ಕೆ ಬೇಕಾದದ್ದು ಇದ್ದಿಲು. ಆ ಇದ್ದಿಲಿಗಾಗಿ ಕಾಡಿನೊಳಗೆ ಪುಟ್ಟ ರೈಲಿನಂತಹ ಟ್ರಾಮಿನ ಹಳಿಗಳನ್ನು ಹಾಕಿದರು. ಹಳಿ ಹೋಗದ ಕಡೆಗೆಲ್ಲ ಆಮೇಲೆ ಲಾರಿ ಹೋಯಿತು.

ಅಪ್ಪಯ್ಯ ಈ ಕಸುಬಿಗೆ ಬಂದದ್ದು 1944ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಶಿವಮೊಗ್ಗದ ಒಂದು ಗ್ಯಾರೇಜಿಗೆ ಊಟ, ಎರಡು ಜೊತೆ ಬಟ್ಟೆಯ ಸಂಬಳದ ಮೇಲೆ. ಆಗ ಯುದ್ಧಕಾಲ. ಪೆಟ್ರೋಲಿಗೆ ರೇಷನ್. ಬಸ್ಸು ಲಾರಿಗಳ ಬೆನ್ನಿಗೆ ಒಂದು ದೊಡ್ಡ ಡ್ರಮ್ಮು ಕಟ್ಟಿ, ಅದರಲ್ಲಿ ಇದ್ದಿಲನ್ನು ಕಡಿಮೆ ಗಾಳಿಯಲ್ಲಿ ಉರಿಸಿ, ಬರುವ ಅನಿಲದಿಂದ ಎಂಜಿನ್ ನಡೆಸುತ್ತಿದ್ದರು. ಹೊರಡುವ ಮುಂಚೆ ಬಹಳ ಹೊತ್ತು ಕೈಯಿಂದ ಫ್ಯಾನ್ ತಿರುಗಿಸಿ ಬೆಂಕಿ ಎಬ್ಬಿಸುವುದೇ ಹುಡುಗನ ಕೆಲಸ. "ಅಮ್ಮಂದಿರಿಗೆ ಒಲೆ ಊದೂದು, ನಂಗೆ ಬಸ್ ಊದೂದು" ಎನ್ನುತ್ತಿದ್ದರು. ಏರು ಬಂದರೆ ಜನ ಇಳಿದು ತಳ್ಳಬೇಕಿತ್ತಂತೆ.

ಯುದ್ಧ ಮುಗಿಯಿತು. ಸೈನ್ಯಕ್ಕೆ ಬೇಡವಾದ ಫೋರ್ಡ್, ಷೆವ್ರೊಲೆ ಲಾರಿಗಳು ಹರಾಜಾದವು. ಜನರ ಬಾಯಲ್ಲಿ ಅವು 'ಡಿಸ್ಪೋಸಲ್ ಲಾರಿ'. ಮರುಭೂಮಿಗೋ ಬರ್ಮಾದ ಕೆಸರಿಗೋ ಎಂದು ಮಾಡಿದ ಆ ಗಟ್ಟಿ ಗಾಡಿಗಳು ನಮ್ಮ ಕೂಪಿನ ರಸ್ತೆಗೆ ಹೇಳಿ ಮಾಡಿಸಿದಂತಿದ್ದವು. ಬಿಡಿಭಾಗ ಮಾತ್ರ ಸಿಗುತ್ತಿರಲಿಲ್ಲ. ಮೂರು ಸತ್ತ ಲಾರಿಗಳಿಂದ ಒಂದು ಜೀವಂತ ಲಾರಿ ಮಾಡುವ ವಿದ್ಯೆಯನ್ನು ಅಪ್ಪಯ್ಯ ಕಲಿತದ್ದು ಆಗಲೇ.

1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್ ಬೆಂಜ್ ಕಂಪನಿಯೊಂದಿಗೆ ಸೇರಿ ಲಾರಿ ಮಾಡತೊಡಗಿದರು. 1955ರಲ್ಲಿ ಮದರಾಸಿನ ಅಶೋಕ್ ಮೋಟಾರ್ಸ್‌ನವರು ಇಂಗ್ಲೆಂಡಿನ ಲೇಲ್ಯಾಂಡ್ ಜೊತೆ ಕೂಡಿಕೊಂಡರು. ಮಲೆನಾಡಿನಲ್ಲಿ ಗೆದ್ದದ್ದು ಬೆಂಜ್. 1969ರಲ್ಲಿ ಒಪ್ಪಂದ ಮುಗಿದು ಮೂಗಿನ ಮೇಲಿನ ಮೂರು ಮೂಲೆಯ ನಕ್ಷತ್ರ ಹೋಗಿ ಟಾಟಾದ 'ಟಿ' ಅಕ್ಷರ ಬಂದ ಮೇಲೂ ನಮ್ಮವರು ಅದನ್ನು ಬೆಂಜ್ ಎಂದೇ ಕರೆದರು. ಆ ಡೀಸೆಲ್ ಎಂಜಿನ್ನಿನ ಹೃದಯವೆಂದರೆ ಎಣ್ಣೆಯನ್ನು ಅಳೆದು ಚಿಮ್ಮಿಸುವ ಪಂಪು. 1951ರಲ್ಲಿ ಶುರುವಾದ ಮೈಕೋ ಕಂಪನಿ ಬೆಂಗಳೂರಿನ ಕಾರ್ಖಾನೆಯಲ್ಲಿ ಅದನ್ನು ಮಾಡಿಕೊಡುತ್ತಿತ್ತು. (2008ರಿಂದ ಅದರ ಹೆಸರು ಬಾಷ್.) ಪಂಪಿನ ಕೆಲಸಕ್ಕೆ ಮಾತ್ರ ಅಪ್ಪಯ್ಯ ಕೈ ಹಾಕುತ್ತಿರಲಿಲ್ಲ. ಅದನ್ನು ಹಸುಗೂಸಿನಂತೆ ಹಳೆ ಪಂಚೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಶಿವಮೊಗ್ಗಕ್ಕೆ ಒಯ್ಯುತ್ತಿದ್ದರು. ತಮಗೆ ಬಾರದ್ದನ್ನು ಬಾರದು ಎನ್ನುವುದೂ ಕಸುಬಿನ ಒಂದು ಭಾಗ ಎಂದು ನನಗೆ ಈಗ ಅನಿಸುತ್ತದೆ.

ನಾವು ಹೆಂಗಸರು ಹಪ್ಪಳ, ಸಂಡಿಗೆ, ಸೌದೆ ಎಂದು ಬೇಸಿಗೆಯಲ್ಲಿ ಮಳೆಗಾಲಕ್ಕೆ ಸಿದ್ಧರಾಗುತ್ತೇವಲ್ಲ? ನಾಟಾ ಲಾರಿಗಳದ್ದು ತಿರುಗಾಮುರುಗಾ. ಮಳೆ ಹಿಡಿದರೆ ಕೂಪಿನ ರಸ್ತೆ ಕೆಸರಾಗಿ ಕೆಲಸ ನಿಲ್ಲುತ್ತಿತ್ತು. ಜೂನ್‌ನಿಂದ ಅಕ್ಟೋಬರ್‌ವರೆಗೆ ಲಾರಿಗಳು ನಮ್ಮ ಶೆಡ್ಡಿನಲ್ಲಿ ಬಾಣಂತಿಯರಂತೆ ಮಲಗುತ್ತಿದ್ದವು. ಚಕ್ರ ಬಿಚ್ಚಿ, ಬ್ರೇಕಿನ ಡ್ರಮ್ಮು ಕಳಚಿ, ಸವೆದ ಲೈನರ್ ಕಿತ್ತು ಹೊಸದಕ್ಕೆ ರಿವೆಟ್ ಹೊಡೆಯಬೇಕು. ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್ ಪಟ್ಟಿಗಳನ್ನು ಬಿಚ್ಚಿ, ಬಿರುಕು ಬಿಟ್ಟದ್ದನ್ನು ಬದಲಿಸಬೇಕು. ಬೇರೆ ಲಾರಿಯ ಹೊರೆ ತೊಟ್ಟಿಯ ಮೇಲೆಲ್ಲ ಹರಡುತ್ತದೆ. ದಿಮ್ಮಿ ಹಾಗಲ್ಲ, ಕಾಡಿನ ರಸ್ತೆಯ ಒಂದು ಗುಂಡಿಗೆ ಇಳಿದರೆ ಇಡೀ ಭಾರ ಒಂದೇ ಮೂಲೆಗೆ ಬೀಳುತ್ತದೆ. ಆದ್ದರಿಂದ ನಾಟಾ ಲಾರಿಯ ಪಟ್ಟಿ ಮೊದಲು ಮುರಿಯುತ್ತದೆ. ಬಿರುಕು ಕಣ್ಣಿಗೆ ಕಾಣದು. ಸೀಮೆಎಣ್ಣೆ ಒರೆಸಿ, ಒಣಗಿಸಿ, ಸುಣ್ಣದ ಪುಡಿ ಉಜ್ಜಿದರೆ ಬಿರುಕಿನಲ್ಲಿ ಉಳಿದ ಎಣ್ಣೆ ಜಿನುಗಿ ಕಪ್ಪು ಗೆರೆ ಮೂಡುತ್ತದೆ. ಸುಣ್ಣ ಉಜ್ಜುವುದು ನನ್ನ ಕೆಲಸ. ಆ ಗೆರೆ ಮೊದಲು ನನ್ನ ಕಣ್ಣಿಗೆ ಬಿದ್ದ ದಿನ ಐದು ಪೈಸೆಯ ಪೆಪ್ಪರಮೆಂಟು.

ಆಯುಧಪೂಜೆಗೆ ಲಾರಿಗಳೆಲ್ಲ ತೊಳೆದು, ಚೆಂಡುಹೂವಿನ ಮಾಲೆ ಹಾಕಿಕೊಂಡು ನಿಲ್ಲುತ್ತಿದ್ದವು. ಬೂದುಗುಂಬಳ ಒಡೆದು ಚಕ್ರದಡಿಗೆ ನಿಂಬೆಹಣ್ಣು ಇಡುವುದು ಅಮ್ಮನ ಪಾಲಿನ ಕೆಲಸ. ಅಪ್ಪಯ್ಯನಿಗೂ ಭಕ್ತಿ ಇತ್ತು. ಆದರೆ ನಿಂಬೆಹಣ್ಣು ಇಡುವ ಮುಂಚೆ ಒಮ್ಮೆ ಬಗ್ಗಿ ಬ್ರೇಕಿನ ಪೈಪು ಮುಟ್ಟಿ ನೋಡುತ್ತಿದ್ದರು.

ಇನ್ನು ಹೇಳಲೇಬೇಕಾದ್ದು 1979ರ ಮಾತು. ಆಗ ನನಗೆ ಹತ್ತು ವರ್ಷ. ಹಂಗಾಮು ಜೋರಾಗಿದ್ದ ಜನವರಿ ತಿಂಗಳು. ಒಬ್ಬ ಸಾಹುಕಾರರ ಲಾರಿ ಸಂಜೆ ಬಂತು. ಹಿಂದಿನ ಎಡಚಕ್ರದ ಆಯಿಲ್ ಸೀಲ್ ಸೋರಿ ಲೈನರ್ ಎಣ್ಣೆ ಕುಡಿದಿತ್ತು, ರಿವೆಟ್ ಹೊರಗೆ ಕಾಣುವಷ್ಟು ಸವೆದಿತ್ತು. ಸೀಲ್ ಶಿವಮೊಗ್ಗದಿಂದ ಬರಬೇಕು, ಒಂದು ದಿನ ಹೋಗುತ್ತದೆ ಎಂದರು ಅಪ್ಪಯ್ಯ. "ಇದೊಂದು ಟ್ರಿಪ್ ಹೊಡ್ಕಂಡು ಬರ್ಲಿ ಮೇಸ್ತ್ರಿ, ನಾಳೆ ಕೂರ್ಸಿ ಬಿಡಿ" ಎಂದರು ಸಾಹುಕಾರರು. ಅವರಿಂದ ಆರು ತಿಂಗಳ ಬಾಕಿ ಬರಬೇಕಿತ್ತು. ಅಕ್ಕನ ಮದುವೆ ಮುಂದಿನ ತಿಂಗಳು ಗೊತ್ತಾಗಿತ್ತು. ಅಪ್ಪಯ್ಯ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಬ್ರೇಕ್ ಬಿಗಿ ಮಾಡಿ, "ಇಳಿಜಾರಲ್ಲಿ ಎರಡನೇ ಗೇರ್ ಬಿಟ್ಟು ಮೇಲೆ ಹೋಗಬೇಡ" ಎಂದು ಡ್ರೈವರನಿಗೆ ಹೇಳಿ ಕಳಿಸಿದರು. ಲಾಂದ್ರ ಹಿಡಿದು ನಾನು ಅಲ್ಲೇ ನಿಂತಿದ್ದೆ.

ತುಂಬಿದ ಲಾರಿ ಇಳಿಜಾರಿನಲ್ಲಿ ನಿಲ್ಲಲಿಲ್ಲ. ಡ್ರೈವರ್ ಪುಣ್ಯಾತ್ಮ, ಕಣಿವೆಯ ಕಡೆ ಬಿಡದೆ ಗುಡ್ಡದ ಕಡೆಗೆ ತಿರುಗಿಸಿದ. ಚಕ್ರದಡಿಗೆ ಮರದ ತುಂಡು ಕೊಡಲು ಜಿಗಿದ ಕ್ಲೀನರ್ ಹುಡುಗನ ಕಾಲು ಸಿಕ್ಕಿಬಿತ್ತು. ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಅವನಿಗೆ ಹದಿನೇಳು ವರ್ಷ.

ಅಪ್ಪಯ್ಯನನ್ನು ಯಾರೂ ದೂರಲಿಲ್ಲ. ಪೊಲೀಸರ ಕಾಗದದಲ್ಲೂ ಅವರ ಹೆಸರಿರಲಿಲ್ಲ. ಅವರು ಮೂರು ದಿನ ಶೆಡ್ಡಿನ ಬಾಗಿಲು ತೆಗೆಯಲಿಲ್ಲ. ನಾಲ್ಕನೆಯ ದಿನ ಪೇಟೆಗೆ ಹೋಗಿ ಉದ್ದನೆಯ ಪುಸ್ತಕ ತಂದು, ನನ್ನ ಸ್ಕೇಲು ಕೇಳಿ ಪಡೆದು, ಐದು ಮನೆ ಗೆರೆ ಎಳೆದರು. ದಿನಾಂಕ, ಲಾರಿ ನಂಬರು, ಮಾಡಿದ ಕೆಲಸ, ಮಾಡದೆ ಉಳಿದ ಕೆಲಸ, ಸಹಿ. ಆ ನಾಲ್ಕನೆಯ ಮನೆಯ ಎದುರು ಲಾರಿಯ ಯಜಮಾನರು ಸಹಿ ಹಾಕದೆ ಗಾಡಿ ಹೊರಡುವಂತಿಲ್ಲ. ಬ್ರೇಕಿನ ಕೆಲಸ ಉಳಿದಿದ್ದರೆ ಸಹಿ ಹಾಕಿದರೂ ಹೊರಡುವಂತಿಲ್ಲ. ಹಲವರು ಬೇರೆ ಗ್ಯಾರೇಜಿಗೆ ಹೋದರು. ಅಕ್ಕನ ಮದುವೆ ಒಂದು ವರ್ಷ ಮುಂದೆ ಹೋಯಿತು. ಅಮ್ಮ ಎರಡು ಬಳೆ ಅಡವಿಟ್ಟಳು. ಗೊಣಗಿದ್ದನ್ನು ನಾನು ಕೇಳಲಿಲ್ಲ. ಆ ಹುಡುಗ ಊರಿನಲ್ಲೇ ಗೂಡಂಗಡಿ ಇಟ್ಟ. ಅಪ್ಪಯ್ಯ ಬದುಕಿರುವಷ್ಟು ಕಾಲ ಬೀಡಿಯನ್ನು ಅಲ್ಲಿಯೇ ಕೊಂಡರು.

ಈ ಏಳು ಪುಸ್ತಕಗಳನ್ನು ಸಾಲಾಗಿ ಓದಿದರೆ ಮಲೆನಾಡಿನ ಕಾಲು ಶತಮಾನ ಕಣ್ಣೆದುರು ಬರುತ್ತದೆ. ಮೊದಲನೆಯದರಲ್ಲಿ ದಿನಕ್ಕೆ ಎರಡು ಮೂರು ನಾಟಾ ಲಾರಿ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಲ್ಕಣಿಯವರು ಕಾಡಿಗೆ ಹೋಗಿ, ಕಡಿಯಲು ಗುರುತು ಮಾಡಿದ ಮರಗಳನ್ನು ಅಪ್ಪಿಕೊಂಡು ನಿಂತರು. ಅಪ್ಪಿಕೋ ಚಳವಳಿ ಎಂದು ಹೆಸರಾಯಿತು. ಹೆಂಗಸರೂ ಇದ್ದರು ಎಂದು ಪತ್ರಿಕೆಯಲ್ಲಿ ಓದಿ ಹದಿನಾಲ್ಕರ ನಾನು ಹಿಗ್ಗಿದೆ. ರಾತ್ರಿ ಊಟಕ್ಕೆ ಕೂತಾಗ ನಾಚಿಕೆಯೂ ಆಯಿತು. ಆ ಅನ್ನ ಬಂದದ್ದು ನಾಟಾ ಲಾರಿಯಿಂದ. ಅಪ್ಪಯ್ಯ ಪತ್ರಿಕೆ ಮಡಚಿಟ್ಟು, "ಮರ ಬಿದ್ದ ಜಾಗ ನಾನೂ ನೋಡಿದ್ದೇನೆ. ಅವರು ಮಾಡಿದ್ದು ಸರಿ. ನಮ್ಮ ಹೊಟ್ಟೆಗೆ ಬೇರೆ ದಾರಿ ನೋಡಬೇಕು" ಎಂದಷ್ಟೇ ಹೇಳಿದರು. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ಕಾಡಿನ ಮರ ಕಡಿತಕ್ಕೆ ದೇಶಕ್ಕೆಲ್ಲ ಕಡಿವಾಣ ಹಾಕಿತು. ಆಮೇಲಿನ ಪುಟಗಳಲ್ಲಿ ನಾಟಾ ಲಾರಿ ವಿರಳ, ಅಡಿಕೆ, ಗೊಬ್ಬರ, ಜಲ್ಲಿಯ ಲಾರಿಗಳೇ ಹೆಚ್ಚು.

ಕೊನೆಯ ಪುಸ್ತಕದಲ್ಲಿ ಒಂದು ಹಳೆಯ ನಂಬರು ಮತ್ತೆ ಕಂಡಿತು. ಇಪ್ಪತ್ತು ವರ್ಷ ದಿಮ್ಮಿ ಹೊತ್ತ ಒಂದು ಬೆಂಜ್. ಅದನ್ನು ಕೊಂಡವರು ರಸ್ತೆಗೆ ಬಿದ್ದ ಮರ ತೆರವು ಮಾಡುವ, ತಂತಿಗೆ ತಾಗುವ ಕೊಂಬೆ ಸವರುವ ಗುತ್ತಿಗೆ ಹಿಡಿದಿದ್ದರು. ಮರ ಉರುಳಿಸಿದ ಲಾರಿ ಮುಪ್ಪಿನಲ್ಲಿ ಮರದ ಆರೈಕೆಗೆ ಬಂತು. ಅದರ ಎದುರು 'ಮಾಡದೆ ಉಳಿದ ಕೆಲಸ' ಎಂಬ ಮನೆಯಲ್ಲಿ ಅಪ್ಪಯ್ಯ 'ಏನೂ ಇಲ್ಲ' ಎಂದು ಬರೆದಿದ್ದಾರೆ. 2003ರ ಆ ಪುಟವೇ ಅವರ ಕೈಬರಹದ ಕೊನೆಯ ಪುಟ.

ಇಂದಿನ ತೋಳಿನ ಲಾರಿ ಹೊಸ ಜಾತಿಯದು. ಹೊರದೇಶಗಳಲ್ಲಿ ಇಂಥದಕ್ಕೆ 'ಚೆರ್ರಿ ಪಿಕರ್' ಎನ್ನುತ್ತಾರೆ, ತೋಟದಲ್ಲಿ ಹಣ್ಣು ಬಿಡಿಸುವ ಕೆಲಸದಿಂದ ಬಂದ ಹೆಸರು. ಅದನ್ನು ಎತ್ತುವುದು ಪೈಪಿನೊಳಗೆ ಒತ್ತಡದಲ್ಲಿ ಹರಿಯುವ ಎಣ್ಣೆ. ಆ ಪೈಪು ಬಿಸಿಲಿಗೆ ಸೀಳುತ್ತದೆ, ತಿಕ್ಕಾಟಕ್ಕೆ ಸವೆಯುತ್ತದೆ. ಜಿನುಗಿದ ಹನಿ ಕಂಡ ದಿನವೇ ಬದಲಿಸಬೇಕು. ಗಾಡಿ ಬದಲಾಯಿತು, ಹುಡುಗರ ವಯಸ್ಸು ಬದಲಾಗಲಿಲ್ಲ.

ಅಂದು ಆ ಹುಡುಗ ನಗುತ್ತಲೇ ಹೋಗಿ ಹಲಗೆ ಹುಡುಕಿದ. ಸಿಗಲಿಲ್ಲ. ನಮ್ಮ ಶಾಲೆಯ ಮುರಿದ ಎರಡು ಬೆಂಚಿನ ಹಲಗೆ ಕೊಡಿಸಿದೆ. ಪೈಪು ನೋಡಿದ ಡ್ರೈವರ್ ಆ ದಿನ ತೋಳು ಎತ್ತಲಿಲ್ಲ. ಏಣಿ ಇಟ್ಟು ಕೆಳಗಿನ ಕೊಂಬೆಯಷ್ಟನ್ನೇ ಸವರಿ, ಪೈಪು ಹಾಕಿಸಿ ಮರುದಿನ ಬಂದರು. ಮರುದಿನ ನಾನು ಇನ್ನೂರು ಪುಟದ ಒಂದು ನೋಟ್‌ಬುಕ್ಕಿಗೆ ಐದು ಮನೆ ಗೆರೆ ಎಳೆದು ಆ ಹುಡುಗನ ಕೈಗಿತ್ತೆ. ಹೋಮ್‌ವರ್ಕ್ ಸಿಕ್ಕಿದವನ ಮುಖ ಮಾಡಿದ.

ಬರೆಯುತ್ತಾನೋ ಇಲ್ಲವೋ ನಾನು ಕೇಳಿಲ್ಲ. ಮೊನ್ನೆ ಪೇಟೆಯಲ್ಲಿ ಆ ಲಾರಿ ನನ್ನನ್ನು ದಾಟಿ ಹೋಯಿತು. ಅದರ ಪಕ್ಕಕ್ಕೆ ಹಗ್ಗದಲ್ಲಿ ಬಿಗಿದ ಎರಡು ದಪ್ಪ ಹೊಸ ಹಲಗೆಗಳಿದ್ದವು.