ಕೈಯೇ ಅಳತೆಗೋಲಾಗಿದ್ದ ಕಾಲ

ಕ್ಷ-ಕಿರಣಗಳ ಪಾಠ ಮಾಡುವ ಅಧ್ಯಾಪಕರು ತರಗತಿಯಲ್ಲಿ ಒಂದು ಚಿತ್ರವನ್ನು ತೋರಿಸಿಯೇ ತೋರಿಸುತ್ತಾರೆ. ಬೆರಳುಗಳ ಮೂಳೆ, ಒಂದು ಬೆರಳಿನಲ್ಲಿ ಕಪ್ಪಗೆ ಕಾಣುವ ಉಂಗುರ. ಜರ್ಮನಿಯ ವೂರ್ಟ್ಸ್‌ಬುರ್ಗ್‌ನಲ್ಲಿ ವಿಲ್‌ಹೆಲ್ಮ್ ರಾಂಟ್ಜೆನ್ 1895ರ ಡಿಸೆಂಬರ್ 22ರಂದು ತಮ್ಮ ಪತ್ನಿ ಆನ್ನಾ ಬರ್ತಾ ಅವರ ಕೈಯನ್ನು ಛಾಯಾಚಿತ್ರ ಫಲಕದ ಮೇಲೆ ಇರಿಸಿ, ಸುಮಾರು 15 ನಿಮಿಷ ಕಿರಣ ಹಾಯಿಸಿ ಪಡೆದ ಚಿತ್ರ ಅದು. ಚಿತ್ರ ತೋರಿಸಿದ ಮೇಲೆ ನಾವು ತರಂಗದೂರ, ಬ್ರಾಗ್ ನಿಯಮ ಎಂದು ಮುಂದಕ್ಕೆ ಹೋಗಿಬಿಡುತ್ತೇವೆ. ಆ ಕೈಯ ಹಿಂದೆಯೇ ಬಂದ ಬೇರೆ ಕೈಗಳ ಕಥೆ ಪಠ್ಯಕ್ರಮದಲ್ಲಿಲ್ಲ.

ಕೆಲಸದ ಸ್ಥಳದಲ್ಲಿ ಕೈಗೆ ಗಾಯ ಎಂದರೆ ನಮಗೆ ನೆನಪಾಗುವುದು ಲೇತ್, ಗರಗಸ, ಪವರ್ ಪ್ರೆಸ್. ಅಲ್ಲಿ ಗಾಯವಾದ ಕ್ಷಣವೇ ಗೊತ್ತಾಗುತ್ತದೆ, ಯಂತ್ರದ ಯಾವ ಭಾಗದಿಂದ ಆಯಿತೆಂಬುದೂ ಗೊತ್ತಾಗುತ್ತದೆ. ಕ್ಷ-ಕಿರಣ ಕೊಠಡಿಯ ಗಾಯ ಹಾಗಲ್ಲ. ಅದು ನೋಯಿಸದೆ ಒಳಹೊಕ್ಕಿತು, ವಾರಗಳ ಬಳಿಕ ಮುಖ ತೋರಿಸಿತು. ಅದನ್ನು ತಡೆಯುವ ದಾರಿ ಸಿಗಲು ಇಪ್ಪತ್ತು ವರ್ಷ ಹಿಡಿಯಿತು.

ರಾಂಟ್ಜೆನ್‌ರ ಕೈಗೆ ಏನೂ ಆಗಲಿಲ್ಲ. ಫಲಕಗಳಿಗೆ ಬೇಡದ ಕಿರಣ ತಾಗದಿರಲೆಂದು ಅವರು ಸತುವಿನ ದೊಡ್ಡ ಪೆಟ್ಟಿಗೆಯೊಂದನ್ನು ಮಾಡಿಸಿಕೊಂಡು, ನಳಿಕೆಯ ಕಡೆಗೆ ಸೀಸದ ಹಾಳೆ ಹೊದಿಸಿ, ಅದರೊಳಗೆ ನಿಂತು ಪ್ರಯೋಗ ಮಾಡುತ್ತಿದ್ದರು. ಫಲಕ ಉಳಿಸಲು ಹೊರಟವರ ಮೈಯೂ ಉಳಿಯಿತು. ಆದರೆ 1896ರಲ್ಲಿ ನಳಿಕೆ ಕೊಂಡು ಕೆಲಸಕ್ಕಿಳಿದ ವೈದ್ಯರು, ಛಾಯಾಗ್ರಾಹಕರು, ಗಾಜು ಊದುವವರು ಇಂಥ ಪೆಟ್ಟಿಗೆಯಲ್ಲಿ ನಿಲ್ಲಲಿಲ್ಲ. ಅಷ್ಟೇ ಅಲ್ಲ, ಅವರು ಪ್ರತಿದಿನ, ಪ್ರತಿ ರೋಗಿಗೂ ಮುನ್ನ, ತಮ್ಮ ಕೈಯನ್ನೇ ಕಿರಣದ ಮುಂದೆ ಹಿಡಿಯುತ್ತಿದ್ದರು.

ಯಾಕೆ? ಇದನ್ನು ಅಜಾಗರೂಕತೆ ಎಂದು ತಳ್ಳಿಹಾಕುವುದು ಸುಲಭ. ನಿಜವಾದ ಕಾರಣ ಇದ್ದದ್ದು ನಳಿಕೆಯ ಭೌತವಿಜ್ಞಾನದಲ್ಲಿ.

ಆಗಿನ ನಳಿಕೆಯೊಳಗೆ ಪೂರ್ಣ ನಿರ್ವಾತವಿರಲಿಲ್ಲ. ವಾಯುಮಂಡಲದ ಒತ್ತಡದ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟೋ ಅದಕ್ಕಿಂತ ಕಡಿಮೆಯೋ ಅನಿಲ ಉಳಿದಿರುತ್ತಿತ್ತು. ಅದು ಇರಲೇಬೇಕಿತ್ತು ಕೂಡ. ಕ್ಯಾಥೋಡ್ ತಣ್ಣಗಿದ್ದುದರಿಂದ ಎಲೆಕ್ಟ್ರಾನುಗಳು ತಾವಾಗಿ ಹೊರಬರುತ್ತಿರಲಿಲ್ಲ. ಅನಿಲದ ಅಯಾನುಗಳು ಬಂದು ಬಡಿದಾಗ ಮಾತ್ರ ಹೊಮ್ಮುತ್ತಿದ್ದವು. ಆದರೆ ನಳಿಕೆಯನ್ನು ಬಳಸಿದಂತೆಲ್ಲ ಅನಿಲವು ಗಾಜಿಗೂ ಲೋಹಕ್ಕೂ ಅಂಟಿಕೊಂಡು ಕಡಿಮೆಯಾಗುತ್ತಿತ್ತು. ಅನಿಲ ಕಡಿಮೆಯಾದಷ್ಟೂ ವಿದ್ಯುತ್ತನ್ನು ಹರಿಸಲು ಹೆಚ್ಚು ವೋಲ್ಟೇಜು ಬೇಕು. ವೋಲ್ಟೇಜು ಏರಿದಷ್ಟೂ ಕಿರಣದ ತೂರುಶಕ್ತಿ ಹೆಚ್ಚು. ಹೊಸ ನಳಿಕೆ 'ಮೃದು', ಹಳೆಯದು 'ಕಠಿಣ'. ಬೆಳಿಗ್ಗೆ ಇದ್ದಂತೆ ಸಂಜೆ ಇರುತ್ತಿರಲಿಲ್ಲ. ತೀರಾ ಕಠಿಣವಾದರೆ ಮತ್ತೆ ಅಲ್ಪ ಅನಿಲ ಒಳಬಿಡಲು ಫ್ರಾನ್ಸಿನ ಪಾಲ್ ವಿಲಾರ್ ಒಂದು ಜಾಣ ಉಪಾಯ ಹುಡುಕಿದರು: ನಳಿಕೆಗೆ ಬೆಸೆದ ಸಣ್ಣ ಪಲ್ಲೇಡಿಯಮ್ ಕೊಳವೆಯನ್ನು ಜ್ವಾಲೆಯಲ್ಲಿ ಕಾಯಿಸಿದರೆ ಅದರ ಮೂಲಕ ಜಲಜನಕ ಒಳನುಸುಳುತ್ತದೆ. ಅದೆಲ್ಲ ಸರಿ, ಆದರೆ ಈ ಕ್ಷಣದಲ್ಲಿ ನಳಿಕೆ ಮೃದುವೋ ಕಠಿಣವೋ ಎಂದು ತಿಳಿಯುವುದು ಹೇಗೆ?

ಕೈ ಹಿಡಿದು ನೋಡಬೇಕು. ಪ್ರತಿದೀಪ್ತಿ ಪರದೆಯ ಮುಂದೆ ಕೈ ಹಿಡಿದಾಗ ಮಾಂಸ, ಮೂಳೆ ಎರಡೂ ಒಂದೇ ಕಪ್ಪಾಗಿ ಕಂಡರೆ ನಳಿಕೆ ಮೃದು. ಮೂಳೆಯೂ ಬೂದುಬಣ್ಣಕ್ಕೆ ತಿರುಗಿ ಮಾಸಿದರೆ ಅತಿ ಕಠಿಣ. ಮಾಂಸ ತಿಳಿಯಾಗಿ, ಮೂಳೆ ಅಚ್ಚುಕಪ್ಪಾಗಿ ಕಂಡರೆ ಸರಿಯಾದ ಹದ. ಮೂಳೆ, ಮಾಂಸ, ನಾನಾ ದಪ್ಪದ ಭಾಗಗಳು ಎಲ್ಲವೂ ಇರುವ, ಕಾಸು ಖರ್ಚಿಲ್ಲದ, ಸದಾ ಜೊತೆಯಲ್ಲಿರುವ ಉಪಕರಣ ಕೈಗಿಂತ ಬೇರೆ ಯಾವುದಿದೆ? ಕೈ ಅವರಿಗೆ ಮಾಪಕವೇ ಆಗಿತ್ತು.

ಥಾಮಸ್ ಎಡಿಸನ್ 1896ರಲ್ಲಿ ಕ್ಯಾಲ್ಸಿಯಮ್ ಟಂಗ್‌ಸ್ಟೇಟ್ ಲೇಪಿಸಿದ ಪರದೆಯನ್ನು ಬಳಸಿ ಉತ್ತಮ ಫ್ಲೋರೋಸ್ಕೋಪ್ ತಯಾರಿಸಿದರು. ಅದೇ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ಜನ ಸಾಲುಗಟ್ಟಿ ಬಂದು ತಮ್ಮ ಕೈಮೂಳೆಗಳನ್ನು ತಾವೇ ಕಂಡು ಬೆರಗಾದರು. ನಳಿಕೆಗಳನ್ನು ಪರೀಕ್ಷಿಸುತ್ತಿದ್ದವರು ಎಡಿಸನ್‌ರ ಸಹಾಯಕ, ಗಾಜು ಊದುವ ಕುಶಲಕರ್ಮಿ ಕ್ಲಾರೆನ್ಸ್ ಡ್ಯಾಲಿ. ನೋಡಲು ಬಂದವರು ಒಂದು ಸಲ ಕೈಯೊಡ್ಡಿದರು; ಡ್ಯಾಲಿ ವರ್ಷಗಟ್ಟಲೆ ಒಡ್ಡಿದರು. ಅವರ ಕೈಗಳಲ್ಲಿ ಮೊದಲು ಸುಟ್ಟಂಥ ಕಲೆ, ಆಮೇಲೆ ಮಾಯದ ಹುಣ್ಣು, ಆಮೇಲೆ ಕ್ಯಾನ್ಸರ್. ಎಡಗೈ ಹೋಯಿತು, ಬಲಗೈ ಬೆರಳುಗಳು ಹೋದವು, ಕೊನೆಗೆ ಎರಡೂ ತೋಳುಗಳನ್ನೇ ತೆಗೆಯಬೇಕಾಯಿತು. 1904ರಲ್ಲಿ ತೀರಿಕೊಂಡಾಗ ಅವರಿಗೆ 39 ವರ್ಷ. ಎಡಿಸನ್ ಅಷ್ಟರಲ್ಲಿ ಕ್ಷ-ಕಿರಣದ ಕೆಲಸವನ್ನೇ ಬಿಟ್ಟಿದ್ದರು.

ಹೊತ್ತಿರುವಾಗಲೇ ಕೈ ಹಿಂದೆಗೆಯಲಿಲ್ಲವೇಕೆ? ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಇದನ್ನು ವಿದ್ಯಾರ್ಥಿಗಳಿಗೆ ಕೊಡಬಹುದು. ಚರ್ಮ ಸ್ಪಷ್ಟವಾಗಿ ಕೆಂಪಾಗಲು ಒಂದೇ ಸಲಕ್ಕೆ ಸುಮಾರು 6 ಗ್ರೇ ಪ್ರಮಾಣದ ವಿಕಿರಣ ಬೇಕು. ಅಂದರೆ ಒಂದು ಕಿಲೋಗ್ರಾಂ ಅಂಗಾಂಶದಲ್ಲಿ 6 ಜೂಲ್ ಶಕ್ತಿ ಹೀರಿಕೆಯಾಗಬೇಕು. ಅಂಗಾಂಶವನ್ನು ನೀರೆಂದೇ ಭಾವಿಸಿದರೆ ವಿಶಿಷ್ಟೋಷ್ಣ ಸುಮಾರು 4,200. ಆರನ್ನು ಇದರಿಂದ ಭಾಗಿಸಿ: ಉಷ್ಣತೆಯ ಏರಿಕೆ 0.0014 ಡಿಗ್ರಿ ಸೆಲ್ಸಿಯಸ್! ಇಷ್ಟನ್ನು ಗುರುತಿಸುವ ನರ ನಮ್ಮ ಚರ್ಮದಲ್ಲಿಲ್ಲ. ಬಿಸಿ ಹಂಚು ಮುಟ್ಟಿದರೆ ಕೈ ತಾನಾಗಿ ಹಿಂದೆ ಸರಿಯುತ್ತದೆ. ಈ ಕಿರಣಕ್ಕೆ ಸರಿಯುವುದಿಲ್ಲ. ಹಾನಿ ಆಗುವುದು ಶಾಖದಿಂದಲ್ಲ, ಚರ್ಮದ ತಳದಲ್ಲಿ ವಿಭಜನೆಗೊಳ್ಳುವ ಕೋಶಗಳ ಡಿಎನ್‌ಎ ಮುರಿಯುವುದರಿಂದ. ಮೇಲಿನ ಕೋಶಗಳು ಎಂದಿನಂತೆ ಇರುತ್ತವೆ, ಎಂದಿನಂತೆ ಉದುರುತ್ತವೆ. ಅವುಗಳ ಜಾಗಕ್ಕೆ ಬರಬೇಕಾದ ಹೊಸ ಕೋಶಗಳು ಬಾರದಿದ್ದಾಗ, ಅಂದರೆ ವಾರಗಳ ನಂತರ, ಹುಣ್ಣು ಏಳುತ್ತದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತೇವೆ. ಈ ಹುಣ್ಣು ಎದ್ದ ಮೇಲೆ ಎಲ್ಲರಿಗೂ ಕಂಡಿತು, ಆದರೆ ಯಾವ ದಿನದ ಕೆಲಸಕ್ಕೆ ಎದ್ದ ಹುಣ್ಣು ಎಂದು ಯಾರಿಗೂ ಕಾಣಲಿಲ್ಲ.

ಹಾಗಾಗಿ ವಾದಗಳು ಹುಟ್ಟಿದವು. ನಳಿಕೆಯ ಸುತ್ತ ಹುಟ್ಟುವ ಓಝೋನ್ ಕಾರಣ ಎಂದು ನಿಕೋಲಾ ಟೆಸ್ಲಾರಂಥವರೇ ಭಾವಿಸಿದ್ದರು. ಅಧಿಕ ವೋಲ್ಟೇಜಿನ ವಿದ್ಯುತ್ ವಿಸರ್ಜನೆಯೇ ಸುಡುತ್ತದೆ ಎಂದರು ಹಲವರು. ಎಲಿಹು ಥಾಮ್ಸನ್ ಎಂಬ ಅಮೆರಿಕದ ವಿದ್ಯುತ್ ತಂತ್ರಜ್ಞರು 1896ರಲ್ಲಿ ಇದನ್ನು ತಮ್ಮ ಮೇಲೆಯೇ ಪರೀಕ್ಷಿಸಿದರು. ಎಡಗೈಯ ಕಿರುಬೆರಳ ತುದಿಯನ್ನು ಮಾತ್ರ ನಳಿಕೆಗೆ ಹತ್ತಿರ ಹಿಡಿದರು. ಸುಮಾರು ಒಂದು ವಾರ ಏನೂ ಇಲ್ಲ. ಆಮೇಲೆ ಬೆರಳು ಕೆಂಪೇರಿ, ಊದಿ, ಬಿರುಸಾಗಿ, ಬೊಕ್ಕೆಯೆದ್ದಿತು. ಬೆರಳನ್ನು ಆರಿಸುವಾಗಲೂ ಅವರ ತರ್ಕ ಗಟ್ಟಿ: ಹೋದರೆ ಅಷ್ಟೇ ಹೋಗಲಿ. ಬಾಸ್ಟನ್ನಿನ ದಂತವೈದ್ಯ ವಿಲಿಯಂ ರಾಲಿನ್ಸ್ 1901ರಲ್ಲಿ ಇನ್ನೂ ಅಚ್ಚುಕಟ್ಟಾದ ಪ್ರಯೋಗ ಮಾಡಿದರು. ಗಿನಿ ಇಲಿಗಳನ್ನು ಫ್ಯಾರಡೆ ಪಂಜರದಂಥ ಲೋಹದ ಆವರಣದಲ್ಲಿಟ್ಟು ವಿದ್ಯುತ್ತಿನ ಪ್ರಭಾವ ತಟ್ಟದಂತೆ ಮಾಡಿ ಕ್ಷ-ಕಿರಣ ಹಾಯಿಸಿದರು. ಇಲಿಗಳು ಸತ್ತವು. ಆಪಾದಿತರನ್ನು ಒಬ್ಬೊಬ್ಬರಾಗಿ ಹೊರಗಿಟ್ಟು ಅಪರಾಧಿಯನ್ನು ಹಿಡಿಯುವುದು ಹೀಗೆ! ನಳಿಕೆಯನ್ನು ಕಿರಣ ತೂರದ ಕವಚದಲ್ಲಿ ಇಡಬೇಕು, ಬೇಕಾದಷ್ಟೇ ಕಿರಣ ಬರುವಂತೆ ಕಿಂಡಿ ಬಿಡಬೇಕು, ಅನಗತ್ಯ ಮೃದು ಕಿರಣಗಳನ್ನು ಸೋಸಬೇಕು ಎಂದು ಅವರು ಮತ್ತೆ ಮತ್ತೆ ಬರೆದರು. ಅಂದು ಅವರ ಮಾತನ್ನು ಕೇಳಿದವರು ಕಡಿಮೆ. ನನ್ನ ಮಟ್ಟಿಗೆ ಈ ಕಥೆಯ ನಾಯಕ ಅವರೇ.

ಅತ್ತ ಕೈಗಳು ಹೋಗುತ್ತಲೇ ಇದ್ದವು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗಾಯಗೊಂಡ ಸೈನಿಕರ ಚಿತ್ರಗಳನ್ನು ತೆಗೆದು ಹೆಸರಾದ ಎಲಿಜಬೆತ್ ಫ್ಲೈಷ್‌ಮನ್ 1905ರಲ್ಲಿ ತೋಳು ಕಳೆದುಕೊಂಡು ಅದೇ ವರ್ಷ ತೀರಿಕೊಂಡರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನ ಜಾನ್ ಹಾಲ್-ಎಡ್ವರ್ಡ್ಸ್‌ರ ಎಡಗೈಯನ್ನು 1908ರಲ್ಲಿ ಕತ್ತರಿಸಲಾಯಿತು. ಬಲಗೈಯ ಬೆರಳುಗಳೂ ಹೋದವು. ಫಿಲಡೆಲ್ಫಿಯಾದ ಮಿಹ್ರಾನ್ ಕಸಾಬಿಯನ್ ತಮ್ಮ ಕೈಗಳು ಕೆಡುತ್ತಾ ಹೋದ ಹಂತಗಳನ್ನು ಛಾಯಾಚಿತ್ರಗಳಲ್ಲಿ ದಾಖಲಿಸಿದರು, 1910ರಲ್ಲಿ ಕ್ಯಾನ್ಸರಿನಿಂದ ಸತ್ತರು. ಹ್ಯಾಂಬುರ್ಗಿನ ಆಸ್ಪತ್ರೆಯ ಅಂಗಳದಲ್ಲಿ 1936ರಲ್ಲಿ ನಿಲ್ಲಿಸಿದ ಸ್ಮಾರಕದ ಮೇಲೆ ಇಂಥ 169 ಹೆಸರುಗಳಿದ್ದವು. ಆಮೇಲೆ ಇನ್ನೂ ಸೇರಿಸಬೇಕಾಯಿತು.

ಎಚ್ಚರಿಕೆಯ ಮಾತುಗಳು ಇದ್ದರೂ ಕೈ ಮುಂದೆ ಹೋಗುವುದು ನಿಲ್ಲಲಿಲ್ಲ. ನಳಿಕೆಯ ಹದ ತಿಳಿಯಲೇಬೇಕಿತ್ತಲ್ಲ! ಕೈ ಮಾಡುತ್ತಿದ್ದ ಕೆಲಸವನ್ನು ಬೇರೊಂದು ವಸ್ತು ಮಾಡಬೇಕಿತ್ತು. ಒಂದು ಪರಿಹಾರ ತುಸು ವಿಚಿತ್ರ: ಸತ್ತವರ ಕೈಯ ಅಸ್ಥಿಯನ್ನು ಪರದೆಯ ಮುಂದೆ ಜೋಡಿಸಿಟ್ಟ 'ಆಸ್ಟಿಯೋಸ್ಕೋಪ್'. ಬದುಕಿರುವ ಕೈಗೆ ಬದಲಿ ಕೈ. ಇನ್ನೊಂದು ಶುದ್ಧ ಭೌತವಿಜ್ಞಾನ. ಫ್ರಾನ್ಸಿನ ಲೂಯಿ ಬೆನ್ವಾ 20ನೆಯ ಶತಮಾನದ ಆರಂಭದಲ್ಲಿ ತಯಾರಿಸಿದ ಮಾಪಕದ ನಡುವೆ 0.11 ಮಿಲಿಮೀಟರ್ ದಪ್ಪದ ಬೆಳ್ಳಿಯ ಬಿಲ್ಲೆ. ಅದರ ಸುತ್ತ ಗಡಿಯಾರದ ಅಂಕಿಗಳಂತೆ 1ರಿಂದ 12 ಮಿಲಿಮೀಟರ್‌ವರೆಗೆ ದಪ್ಪವಾಗುತ್ತ ಹೋಗುವ ಅಲ್ಯೂಮಿನಿಯಮ್ ಮೆಟ್ಟಿಲುಗಳು. ಕಿರಣ ಕಠಿಣವಾದಂತೆ ಅಲ್ಯೂಮಿನಿಯಮ್ಮಿನ ಹೀರಿಕೆ ಬೇಗನೆ ತಗ್ಗುತ್ತದೆ, ಬೆಳ್ಳಿಯದು ಅಷ್ಟಾಗಿ ಬದಲಾಗುವುದಿಲ್ಲ. ಬೆಳ್ಳಿಯ ನೆರಳಿಗೆ ಯಾವ ಮೆಟ್ಟಿಲಿನ ನೆರಳು ಸರಿಹೊಂದುತ್ತದೋ ಅದೇ ಕಾಠಿಣ್ಯದ ಅಂಕಿ. ಕೈ 'ಚೆನ್ನಾಗಿದೆ' ಎಂದಷ್ಟೇ ಹೇಳುತ್ತಿತ್ತು, ಇದು ಸಂಖ್ಯೆ ಹೇಳಿತು.

ಸಮಸ್ಯೆಯ ಬೇರನ್ನೇ ಕಿತ್ತವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದ ವಿಲಿಯಂ ಕೂಲಿಜ್. 1913ರ ಅವರ ನಳಿಕೆಯಲ್ಲಿ ಅನಿಲಕ್ಕೆ ಕೆಲಸವೇ ಇರಲಿಲ್ಲ. ಕಾದ ಟಂಗ್‌ಸ್ಟನ್ ತಂತುವಿನಿಂದ ಎಲೆಕ್ಟ್ರಾನುಗಳು ತಾವಾಗಿ ಹೊಮ್ಮುತ್ತವೆ. ನಿರ್ವಾತವನ್ನು ಸಾಧ್ಯವಾದಷ್ಟೂ ಹೆಚ್ಚಿಸಬಹುದು. ತಂತುವಿನ ಬಿಸಿಯಿಂದ ಕಿರಣದ ಪ್ರಮಾಣ, ವೋಲ್ಟೇಜಿನಿಂದ ಅದರ ತೂರುಶಕ್ತಿ, ಎರಡನ್ನೂ ಬೇರೆ ಬೇರೆಯಾಗಿ ಹೊಂದಿಸಬಹುದು. ನಿನ್ನೆ ಇಟ್ಟ ಗುರುತಿಗೆ ಇಂದು ಇಟ್ಟರೆ ಅದೇ ಕಿರಣ. ಕೈ ಹಿಡಿದು ನೋಡುವ ಅಗತ್ಯವೇ ಇಲ್ಲವಾಯಿತು. ಉಷ್ಣ ಅಯಾನಿಕ ಉತ್ಸರ್ಜನೆಯನ್ನು ನಾವು ಡಯೋಡ್ ವಾಲ್ವಿನ ಪಾಠಕ್ಕೆ ಪೀಠಿಕೆಯಾಗಿ ಹೇಳಿ ಮುಗಿಸುತ್ತೇವೆ. ಅದು ಎಷ್ಟು ಬೆರಳುಗಳನ್ನು ಉಳಿಸಿತೆಂದು ಹೇಳುವುದಿಲ್ಲ. ಅಂದಹಾಗೆ, ಜೀವಮಾನವಿಡೀ ಕ್ಷ-ಕಿರಣ ನಳಿಕೆಗಳ ಜೊತೆ ಇದ್ದ ಕೂಲಿಜ್ ಬದುಕಿದ್ದು 101 ವರ್ಷ.

ಬಳಿಕ ಬ್ರಿಟನ್ನಿನಲ್ಲಿ 1921ರಲ್ಲಿ ರಕ್ಷಣಾ ಸಮಿತಿ, 1928ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಅಂತರರಾಷ್ಟ್ರೀಯ ಸಮಿತಿ, ಆಮೇಲೆ ಮಿತಿಗಳು ಬಂದವು. ವಿಕಿರಣದ ಕೆಲಸಗಾರರ ಕೈಗೆ ಇಂದಿನ ಮಿತಿ ವರ್ಷಕ್ಕೆ 500 ಮಿಲಿಸೀವರ್ಟ್. ನಮ್ಮ ದೇಶದಲ್ಲಿ ಇದರ ಉಸ್ತುವಾರಿ 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು. ಎದೆಯ ಮೇಲೆ ಧರಿಸುವ ಬಿಲ್ಲೆಯಲ್ಲಿ ಡಿಸ್ಪ್ರೋಸಿಯಮ್ ಬೆರೆತ ಕ್ಯಾಲ್ಸಿಯಮ್ ಸಲ್ಫೇಟ್ ಇರುತ್ತದೆ. ಕಾಯಿಸಿದಾಗ ಅದು ಹೊಮ್ಮಿಸುವ ಬೆಳಕಿನಿಂದ ಪ್ರಮಾಣ ತಿಳಿಯುತ್ತದೆ. ಕೈ ಕಿರಣಕ್ಕೆ ಹತ್ತಿರ ಹೋಗುವ ಕೆಲಸದಲ್ಲಿ ಮಣಿಕಟ್ಟಿಗೋ ಬೆರಳಿಗೋ ಬೇರೆ ಮಾಪಕ ಬೇಕು. ವಿಲೋಮ ವರ್ಗ ನಿಯಮವನ್ನು ನೆನೆಯಿರಿ: ಎದೆ ಆಕರದಿಂದ 50 ಸೆಂಟಿಮೀಟರ್, ಬೆರಳು 5 ಸೆಂಟಿಮೀಟರ್ ದೂರದಲ್ಲಿದ್ದರೆ ಬೆರಳಿಗೆ ನೂರು ಪಟ್ಟು. ಎದೆಯ ಬಿಲ್ಲೆಗೆ ಬೆರಳಿನ ಸುದ್ದಿ ಗೊತ್ತಿರುವುದಿಲ್ಲ.

ಸಮಿತಿಗಳು ಬಂದ ಮೇಲೂ ಕೈಗಳು ಸುಟ್ಟವು, ಈ ಬಾರಿ ನಮ್ಮಂಥವರ ಪ್ರಯೋಗಾಲಯಗಳಲ್ಲಿ. ಸ್ಫಟಿಕಗಳ ವಿವರ್ತನೆಗೆ ಬಳಸುವ ಕಿರಣದಂಡ ಪೆನ್ಸಿಲ್ಲಿಗಿಂತ ತೆಳು, ಆದರೆ ನಳಿಕೆಯ ಬಾಯಲ್ಲಿ ಅದರ ತೀವ್ರತೆ ಕೆಲವೇ ಸೆಕೆಂಡುಗಳಲ್ಲಿ ಬೆರಳನ್ನು ಸುಡುವಷ್ಟು. ಅದೂ ಮೃದು ಕಿರಣ, ಎಲ್ಲವೂ ಚರ್ಮದಲ್ಲೇ ಹೀರಿಕೆಯಾಗುತ್ತದೆ. 1990ರ ದಶಕದಲ್ಲಿ ನಾನು ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಕ್ಯಾಮೆರಾ ಹೊಂದಿಸಲು ಕಲಿಸಿದ ಹಿರಿಯ ತಂತ್ರಜ್ಞರೊಬ್ಬರು ತಮ್ಮ ತೋರುಬೆರಳನ್ನು ಮೊದಲು ತೋರಿಸಿದರು. ತುದಿಯಲ್ಲಿ ಬಟಾಣಿ ಗಾತ್ರದ ನುಣುಪು ಕಲೆ. ಅಲ್ಲಿ ಬೆರಳಚ್ಚಿನ ಗೆರೆಗಳೇ ಇರಲಿಲ್ಲ. ಕವಾಟ ಮುಚ್ಚಿದೆ ಎಂದುಕೊಂಡಿದ್ದರಂತೆ. ಈಗಿನ ಯಂತ್ರಗಳಲ್ಲಿ ಬಾಗಿಲು ತೆರೆದರೆ ಕವಾಟ ತಾನಾಗಿ ಮುಚ್ಚುತ್ತದೆ. ಆ ವ್ಯವಸ್ಥೆಯನ್ನು ತಾತ್ಕಾಲಿಕವಾಗಿ ತಪ್ಪಿಸಿ ಕೆಲಸ ಮಾಡುವ ಆತುರಗಾರರು ಈಗಲೂ ಇದ್ದಾರೆ.

ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕುವ ವೈದ್ಯರಿಗೆ ಕೈಯನ್ನು ಕಿರಣದ ಬಳಿ ಇಡದೆ ಗತಿಯಿಲ್ಲ. ಸೀಸದಂಥ ಭಾರಲೋಹದ ಕೈಗವಸು ಹಾಕಿದರೆ ಸಾಲದೇ? ಇಲ್ಲೊಂದು ತೊಡಕಿದೆ. ಚಿತ್ರ ಮಸುಕಾದರೆ ಯಂತ್ರ ತಾನಾಗಿ ಕಿರಣದ ಪ್ರಮಾಣವನ್ನು ಏರಿಸುತ್ತದೆ. ಕೈಗವಸು ತೊಟ್ಟ ಧೈರ್ಯದಲ್ಲಿ ಕೈಯನ್ನು ನೇರ ಕಿರಣದೊಳಗೆ ತಂದರೆ ಯಂತ್ರಕ್ಕೆ ಕತ್ತಲೆ ಕಾಣುತ್ತದೆ, ಅದು ಇನ್ನಷ್ಟು ಸುರಿಯುತ್ತದೆ. ರೋಗಿಗೂ ಹೆಚ್ಚು, ಕೈಗೂ ಹೆಚ್ಚು. ಕೈಗವಸು ಚದರಿದ ಕಿರಣಕ್ಕೆ ಸರಿ, ನೇರ ಕಿರಣಕ್ಕಲ್ಲ.

ಇದನ್ನು ಓದುತ್ತಿರುವ ಅಧ್ಯಾಪಕರಲ್ಲಿ ಅನೇಕರ ಪ್ರಯೋಗಾಲಯದಲ್ಲಿ ಹಳೆಯ ಪ್ರೇರಣಾ ಸುರುಳಿ, ಶಿಲುಬೆಯ ನೆರಳು ಬೀಳಿಸುವ ಕ್ಯಾಥೋಡ್ ಕಿರಣ ನಳಿಕೆ ಇರಬಹುದು. ರಾಂಟ್ಜೆನ್‌ರ ಬಳಿ ಇದ್ದದ್ದೂ ಹೆಚ್ಚುಕಡಿಮೆ ಅದೇ ಸಾಮಗ್ರಿ. ಸುಮಾರು 5,000 ವೋಲ್ಟಿನೊಳಗೆ ಹುಟ್ಟುವ ಕ್ಷ-ಕಿರಣವನ್ನು ನಳಿಕೆಯ ಗಾಜೇ ತಡೆಯುತ್ತದೆ. ಆದರೆ ಸುರುಳಿಯ ಗೋಳಗಳ ನಡುವೆ ಒಂದು ಸೆಂಟಿಮೀಟರ್ ಕಿಡಿ ಹಾರುತ್ತಿದ್ದರೆ ಅಲ್ಲಿರುವುದು ಸುಮಾರು 30,000 ವೋಲ್ಟ್. ನಮ್ಮ ಕಾಲೇಜಿನಲ್ಲಿ ಅಂಥ ನಳಿಕೆಯ ಪಕ್ಕ ಒಮ್ಮೆ ಗೈಗರ್ ಎಣಿಕೆಯನ್ನು ಇಟ್ಟು ನೋಡಿದೆವು. ಸುರುಳಿ ಚಾಲೂ ಮಾಡಿದೊಡನೆ ಟಿಕ್ ಟಿಕ್ ಸದ್ದು ಒಂದಕ್ಕೊಂದು ಕೂಡಿಕೊಂಡು ಬರೀ ಗೊರಗೊರ ಶಬ್ದವಾಯಿತು. ಎಣಿಕೆಗೂ ನಳಿಕೆಗೂ ಮಧ್ಯೆ ಸೀಸದ ತಗಡು ಹಿಡಿದಾಗ ಇಳಿಯಿತು, ತೆಗೆದಾಗ ಮತ್ತೆ ಏರಿತು. ವರ್ಷಾನುಗಟ್ಟಲೆ ವಿದ್ಯಾರ್ಥಿಗಳು ಅದರ ಮೇಲೆ ಬಾಗಿ, ಕೈಯಲ್ಲಿ ಅಯಸ್ಕಾಂತ ಹಿಡಿದು ನೆರಳು ಸರಿಯುವುದನ್ನು ನೋಡಿದ್ದರು. ಈಗ ನೆರಳು ಸರಿಯುವುದನ್ನು ವೀಡಿಯೊದಲ್ಲಿ ತೋರಿಸುತ್ತೇವೆ. ನಳಿಕೆ ಗಾಜಿನ ಕಪಾಟಿನಲ್ಲಿದೆ, ಅದರ ತಂತಿಗಳನ್ನು ಕತ್ತರಿಸಿದ್ದೇವೆ.