ಅನಾಥಾಲಯದಿಂದ ದತ್ತುಮನೆಗೆ

ಇಂದು ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿಗೆ ಸೇರಿರುವ ಕುಪ್ಪೇಲೂರು ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಪ್ರಾಂತದ ಧಾರವಾಡ ಸೀಮೆಯೊಳಗಿತ್ತು. ಅಲ್ಲಿನ ಒಕ್ಕಲು ಮನೆತನಗಳಲ್ಲಿ ತಂದೆಯಿಲ್ಲದ ಮಗುವನ್ನು ದೊಡ್ಡಪ್ಪನೋ ಸೋದರಮಾವನೋ ಸಾಕುವುದು ವಾಡಿಕೆ. ಅಜ್ಜಿ ಇದ್ದರಂತೂ ಮಾತೇ ಬೇಡ. 1876–78ರ ಕ್ಷಾಮ, ಸಂವತ್ಸರದ ಲೆಕ್ಕದಲ್ಲಿ ಧಾತು-ಈಶ್ವರದ ಬರ, ಈ ಏರ್ಪಾಡನ್ನು ಮುರಿಯಿತು. ಸಾಕಬೇಕಾದ ಬಂಧುಗಳೇ ಹಸಿದು ಊರು ಬಿಟ್ಟಾಗ ಮಗು ಯಾರ ಮನೆ ಸೇರಬೇಕು?

1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ ಅಷ್ಟರಲ್ಲಿ ಹುಬ್ಬಳ್ಳಿ, ಬೆಟಗೇರಿಗಳಲ್ಲಿಯೂ ನೆಲೆಯೂರಿತ್ತು. ಕ್ಷಾಮದ ಮಕ್ಕಳನ್ನು ಅದು ಕೈಗೆತ್ತಿಕೊಂಡಿತು. ಅನ್ನ, ಅಕ್ಷರ, ಕಸುಬು ದೊರೆತವು. ಇದನ್ನು ಹಗುರಾಗಿ ಕಾಣುವವರು ನಾವಲ್ಲ. ಆದರೆ ಆ ಮಕ್ಕಳು ಸೇರಿದ್ದು ಮನೆಯನ್ನಲ್ಲ, ಸಂಸ್ಥೆಯನ್ನು.

ವಿಚಿತ್ರವೆಂದರೆ, ಮಿಷನರಿಗಳ ಸ್ವಂತ ಮಕ್ಕಳಿಗೂ ಸಂಸ್ಥೆಯೇ ಗತಿಯಾಗಿತ್ತು. ಶಾಲೆಯ ವಯಸ್ಸಿಗೆ ಬಂದವರನ್ನು ಹಡಗು ಹತ್ತಿಸಿ ಯುರೋಪಿಗೆ ಕಳುಹಿಸುತ್ತಿದ್ದರು. ಅಂಥವರಿಗಾಗಿ ಬಾಸೆಲಿನಲ್ಲಿ ಮಕ್ಕಳ ಮನೆಯೇ ಇತ್ತು. ನಿಘಂಟುಕಾರ ಹೆರ್ಮನ್ ಗುಂಡರ್ಟರ ಮಗಳು, ಮುಂದೆ ಸಾಹಿತಿ ಹೆರ್ಮನ್ ಹೆಸ್ಸೆಯ ತಾಯಿಯಾದ ಮರೀ, 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಬಾಲ್ಯದ ಬಹುಭಾಗವನ್ನು ತಂದೆತಾಯಿಗಳಿಂದ ದೂರ, ಯುರೋಪಿನಲ್ಲಿ ಕಳೆದಳು. ಅನಾಥರಿಗೆ ತಂದೆಯಾದವರು ಸ್ವಂತ ಮಕ್ಕಳನ್ನು ಅನ್ಯರ ಕೈಗೊಪ್ಪಿಸಿದರು. ಇದನ್ನು ತ್ಯಾಗವೆಂದು ಓದುವ ರೂಢಿ ನಮ್ಮಲ್ಲಿದೆ. ತ್ಯಾಗ ಮಾಡಿದ್ದು ತಂದೆಯೋ ಮಗುವೋ ಎಂದು ನಾವು ಕೇಳಿದ್ದು ಕಡಿಮೆ.

ಪೌಲನು ರೋಮಾಪುರದವರಿಗೆ ಬರೆದ ದತ್ತುಪುತ್ರತ್ವವನ್ನು ಬೋಧಿಸುತ್ತ ಬಂದ ಸಭೆಯ ದಂಪತಿಗಳಿಗೆ ಈ ನಾಡಿನಲ್ಲಿ ದತ್ತು ಪಡೆಯುವ ಕಾನೂನೇ ಬಹುಕಾಲ ಇರಲಿಲ್ಲ. 1956ರ ಹಿಂದೂ ದತ್ತಕ ಕಾಯ್ದೆ ಕ್ರೈಸ್ತರಿಗೆ ಅನ್ವಯಿಸದು. ಅವರು 1890ರ ಕಾಯ್ದೆಯಡಿ ಪಾಲಕರಾಗಬಹುದಿತ್ತು, ಅಷ್ಟೆ. ಮಗು ಪ್ರಾಯಕ್ಕೆ ಬಂದೊಡನೆ ಆ ಸಂಬಂಧ ಕಾನೂನಿನ ಕಣ್ಣಿನಲ್ಲಿ ಮುಗಿಯುತ್ತಿತ್ತು. 2000ದ ಬಾಲನ್ಯಾಯ ಕಾಯ್ದೆಯೂ ಅದರ 2006ರ ತಿದ್ದುಪಡಿಯೂ ಧರ್ಮಭೇದವಿಲ್ಲದೆ ದತ್ತಿನ ಬಾಗಿಲು ತೆರೆದವು. 2014ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಸ್ಥಿರಪಡಿಸಿತು.

2015ರ ಕಾಯ್ದೆ ಸಂಸ್ಥೆಯ ವಾಸವನ್ನು ಕಡೆಯ ಉಪಾಯವೆನ್ನುತ್ತದೆ. ಮಗುವಿನ ಸ್ವಂತ ಕುಟುಂಬವೇ ಮೊದಲ ಆಶ್ರಯ, ಅದಿಲ್ಲದಾಗ ದತ್ತು ಅಥವಾ ಸಾಕುಕುಟುಂಬ. ಬರಕ್ಕೆ ಮುಂಚಿನ ಕುಪ್ಪೇಲೂರಿನ ರೈತನಿಗೆ ಈ ಕ್ರಮ ಹೊಸದೆನಿಸುತ್ತಿರಲಿಲ್ಲ. ನಾಳೆ ಸಭೆಯ ಬೋರ್ಡಿಂಗುಗಳ ಹೊಣೆ ಹೊರಲಿರುವ ನಮ್ಮ ವಿದ್ಯಾರ್ಥಿಗಳು ಪ್ರವೇಶಪತ್ರ ತುಂಬುವ ಮೊದಲು ಆ ಮಗುವಿನ ದೊಡ್ಡಪ್ಪನ, ಸೋದರಮಾವನ ಊರು ಯಾವುದೆಂದು ವಿಚಾರಿಸುವರೇ?