ಎರಡು ಬೆರಳಿನ ವಿಷಾದ

ನಲವತ್ತು ದಾಟಿದವನು ಹೊಸ ವಿದ್ಯೆಗೆ ಕೈಹಾಕಿದರೆ ಬೆರಳಿಗಿಂತ ನಾಲಗೆಯೇ ಮುಂದು. ಮಗಳು ತನ್ನ ಗಿಟಾರಿನಲ್ಲಿ ‘ಇ ಮೈನರ್’ ಎಂಬ ಕಾರ್ಡನ್ನು ನುಡಿಸಿ ತೋರಿಸಿದಾಗ ನಾನು ಮೊದಲು ಕೇಳಿದ್ದು, “ಇದಕ್ಕೆ ಈ ದುಃಖ ಎಲ್ಲಿಂದ ಬಂತು?” ಎಂದು. “ಅಪ್ಪ, ಮೊದಲು ಬೆರಳಿಡಿ, ಕಾರಣ ಆಮೇಲೆ ಕೇಳಿ” ಎಂದಳು. ವ್ಯಾಕರಣ, ಛಂದಸ್ಸುಗಳನ್ನು ಪಾಠ ಹೇಳಿಯೇ ಬಾಳಿದ ನನಗೆ ಈ ಮಾತು ಸ್ವಲ್ಪ ಚುಚ್ಚಿತು. ಆದರೆ ಚರಿತ್ರೆಯನ್ನು ನೋಡಿದರೆ ಅದು ಅವಳ ಕಡೆಗೇ ಸಾಕ್ಷಿ ಹೇಳುತ್ತದೆ.

ಕಾರ್ಡ್ ಎಂದರೆ ಹಲವು ಸ್ವರಗಳು ಏಕಕಾಲದಲ್ಲಿ ನುಡಿಯುವುದು. ತೆಳು ತಂತಿಯಿಂದ ಎಣಿಸಿ, ನಾಲ್ಕನೆಯ ಮತ್ತು ಐದನೆಯ ತಂತಿಗಳನ್ನು ಎರಡನೆಯ ಮೆಟ್ಟಿಲಿನಲ್ಲಿ ಒತ್ತಿ ಆರು ತಂತಿಗಳನ್ನೂ ಮೀಟಿದರೆ ಇ ಮೈನರ್. ‘ಇ’ ಸ್ವರವನ್ನು ಷಡ್ಜವೆಂದುಕೊಂಡರೆ ಇದರಲ್ಲಿ ಇರುವುದು ಷಡ್ಜ, ಸಾಧಾರಣ ಗಾಂಧಾರ, ಪಂಚಮ. ಮೂರನೆಯ ತಂತಿಯನ್ನೂ ಮೊದಲನೆಯ ಮೆಟ್ಟಿಲಿನಲ್ಲಿ ಒತ್ತಿದರೆ ಅದು ಅಂತರ ಗಾಂಧಾರವಾಗಿ, ಕಾರ್ಡ್ ‘ಮೇಜರ್’ ಆಗುತ್ತದೆ. ಆ ಒಂದು ಬೆರಳನ್ನು ಎತ್ತಿದೊಡನೆ ದೀಪದ ಬತ್ತಿಯನ್ನು ಇಳಿಸಿದಂತೆ ಮತ್ತೆ ಮಬ್ಬು ಕವಿಯುತ್ತದೆ.

ಈ ಬೆರಳಿನ ಬೆಡಗು ಹಳೆಯದು. 1606ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಮಾಂಟೆಸಾರ್ಡೊ ಎಂಬವನು ಒಂದು ಪುಸ್ತಕವನ್ನು ಅಚ್ಚು ಹಾಕಿಸಿದ. ಸ್ವರಲಿಪಿಯ ಬದಲು ಒಂದೊಂದು ಕಾರ್ಡಿಗೆ ಒಂದೊಂದು ಅಕ್ಷರ. ಈ ಸಂಕೇತಮಾಲೆಯ ಮೊದಲಲ್ಲಿ ನಿಂತದ್ದು ಅಕ್ಷರವಲ್ಲ, ಒಂದು ಶಿಲುಬೆಯ ಗುರುತು. ಅದೇ ಇ ಮೈನರ್. ಅಂದಿನ ಗಿಟಾರಿಗೆ ತಂತಿಗಳ ಸಾಲು ಐದೇ. ಆದರೆ ಬೆರಳು ಇಡುವ ಜಾಗ ನನ್ನ ಮಗಳು ತೋರಿಸಿದ್ದೇ. ಸ್ವರಜ್ಞಾನವಿಲ್ಲದವನೂ ಅಕ್ಷರ ನೋಡಿ ಹಾಡಿಗೆ ಜೊತೆ ಮೀಟಬಹುದಾಗಿತ್ತು. ಕುದುರೆ ಲಾಯದ ಹುಡುಗರೆಲ್ಲ ಗಿಟಾರ್ ವಿದ್ವಾಂಸರಾದರಲ್ಲ ಎಂದು ಸ್ಪೇನಿನ ನಿಘಂಟುಕಾರ ಕೋವರ್ರೂಬಿಯಾಸ್ 1611ರಲ್ಲಿ ಗೊಣಗಿದ. ನಿಘಂಟುಕಾರರ ಸಂಕಟ ನನಗೆ ಅರ್ಥವಾಗುತ್ತದೆ!

ಪಂಡಿತರ ಪಾಡು ಬೇರೆ. ಕೆಳಗಿನ ಅಂತರ ಕಿರಿದಾದರೆ ನಾದ ದುಃಖದ್ದಾಗುತ್ತದೆಂದು ಇಟಲಿಯ ತ್ಸಾರ್ಲೀನೊ 1558ರಲ್ಲಿಯೇ ಗುರುತಿಸಿದ್ದ. ಆದರೆ ಕಾರಣವನ್ನು ಪ್ರಕೃತಿಯಲ್ಲಿ ಹುಡುಕಹೊರಟಾಗ ತೊಡಕು ಎದ್ದಿತು. ನಮ್ಮ ತಂಬೂರಿಯ ಮಂದ್ರ ತಂತಿಯನ್ನು ಮೀಟಿ ಕಿವಿಗೊಡಿ: ಯಾರೂ ನುಡಿಸದ ಅಂತರ ಗಾಂಧಾರವೊಂದು ತಾನಾಗಿ ಮಿಡಿಯುತ್ತದೆ. ಮೇಜರಿನ ಸ್ವರಗಳ ಕಂಪನ 4:5:6 ಎಂಬ ಸರಳ ಪ್ರಮಾಣದ್ದು; ಮೈನರಿನದು 10:12:15. ಮೇಜರಿಗೆ ತಂತಿಯೇ ತಾಯಿ. ಮೈನರಿಗೆ ತವರು ಯಾವುದು?

ಫ್ರಾನ್ಸಿನ ರಾಮೋ ಈ ಪ್ರಶ್ನೆಯೊಡನೆ ದಶಕಗಳ ಕಾಲ ಹೆಣಗಿದ. ನುಡಿಯುವ ತಂತಿ ತನಗಿಂತ ಕೆಳಗಿನ ಶ್ರುತಿಯ ತಂತಿಗಳನ್ನೂ ಇಡಿಯಾಗಿ ಕಂಪಿಸುತ್ತದೆ, ಮೈನರ್ ಅಲ್ಲಿ ಹುಟ್ಟುತ್ತದೆ ಎಂದು 1737ರಲ್ಲಿ ವಾದಿಸಿದ. ಅವು ಇಡಿಯಾಗಿ ಅಲ್ಲ, ಭಾಗಭಾಗವಾಗಿ ಕಂಪಿಸುತ್ತವೆಂದು ತಿಳಿದಾಗ, 1750ರಲ್ಲಿ ಆ ವಾದವನ್ನು ಹಿಂತೆಗೆದುಕೊಂಡ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಕಂಪನಗಳ ಲೆಕ್ಕ ಹಾಕಿ, ಮೈನರ್ ಮೇಜರಿಗಿಂತ ತುಸು ಕದಡಿದ ನಾದವೆಂದ. ಅದು ಮಬ್ಬನ್ನು ವಿವರಿಸಿತು, ಅದರ ಚೆಲುವನ್ನಲ್ಲ.

ರಚನಕಾರರು ಈ ತೀರ್ಪಿಗೆ ಕಾದು ಕುಳಿತಿರಲಿಲ್ಲ. ಬಾಖ್ 1722ರಲ್ಲಿ ಸಿದ್ಧಪಡಿಸಿದ ಕೀಲಿಮಣೆಯ ಕೃತಿಸಂಗ್ರಹದಲ್ಲಿ ಮೈನರ್ ರಚನೆಗಳು ಹಲವು ಕೊನೆಯ ಕಾರ್ಡಿನಲ್ಲಿ ಮಾತ್ರ ಮೇಜರಿಗೆ ತಿರುಗುತ್ತವೆ. ದುಃಖವನ್ನು ಪೂರ್ತಿ ಆಡಿ, ಬಾಗಿಲಲ್ಲಿ ಕಣ್ಣೊರೆಸಿಕೊಂಡು ಹೊರಟಂತೆ.

ಲಕ್ಷ್ಯ ಮೊದಲು, ಲಕ್ಷಣ ಆಮೇಲೆ ಎಂಬುದನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ! ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವೂ ತನಗಿಂತ ಹಿಂದಿನ ಕವಿಗಳನ್ನು ನೆನೆದೇ ಲಕ್ಷಣ ಹೇಳುತ್ತದೆ. ಹೇಳುತ್ತಿದ್ದವನಿಗೆ ಅದು ಮನದಟ್ಟಾದದ್ದು ಬೆರಳ ತುದಿ ಕೆಂಪಾದ ಮೇಲೆ. ನನ್ನ ನಾಲ್ಕನೆಯ ತಂತಿ ಇನ್ನೂ ಗೊರಗುಟ್ಟುತ್ತದೆ. ಮಗಳು ಪಕ್ಕದ ಕೋಣೆಯಿಂದ ಕೂಗುತ್ತಾಳೆ, “ಇನ್ನೊಂದು ಸಲ.” ಕಾರಣ ಕೇಳದೆ ಬೆರಳಿಡುತ್ತೇನೆ.